ಷಿಯಾನ್‌ನ ಹಂಸಗೋಪುರ: ಅದರಲ್ಲಿ ಹಳೆಯದು ಯಾವುದು, ಅದು ಇದ್ದುದು ಯಾತಕ್ಕೆ

ಚೀನಾದ ಷಿಯಾನ್ ನಗರಕ್ಕೆ ಹೋದವರಲ್ಲಿ ಬಹಳ ಮಂದಿ ಮಣ್ಣಿನ ಸೈನಿಕರ ಸಾಲುಗಳನ್ನು ನೋಡಿ ಮುಗಿಸಿ, ಉಳಿದ ಅರ್ಧ ದಿನವನ್ನು ದಾ ತ್ಸಿಎನ್ ವಿಹಾರಕ್ಕೆ ಕೊಡುತ್ತಾರೆ. ಕೋಟೆಯೊಳಗಿನ ಹಳೆಯ ಊರಿನಿಂದ ದಕ್ಷಿಣಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿ, ಮೆಟ್ರೊದ ಮೂರನೆಯ ಮತ್ತು ನಾಲ್ಕನೆಯ ಮಾರ್ಗಗಳು ಕೂಡುವ ದಾಯೆನ್‌ತಾ ನಿಲ್ದಾಣದ ಬಳಿ ಈ ವಿಹಾರವಿದೆ. ಅದರ ಅಂಗಳದಲ್ಲಿ ನಿಂತಿರುವ 64.5 ಮೀಟರ್ ಎತ್ತರದ, ಏಳು ಅಂತಸ್ತಿನ, ಚೌಕಾಕಾರದ ಇಟ್ಟಿಗೆಯ ಪಗೋಡಾಕ್ಕೆ ದೊಡ್ಡ ಹಂಸಗೋಪುರವೆಂದು ಹೆಸರು. ಇದನ್ನು 652ರಲ್ಲಿ ಕಟ್ಟಲಾಯಿತು ಎಂಬ ಮಾತು ಪ್ರವಾಸಿ ಪುಸ್ತಿಕೆಗಳಲ್ಲೆಲ್ಲ ಸಿಗುತ್ತದೆ. ಇದನ್ನು ನಂಬಿ ಕಣ್ಣಿಗೆ ಬಿದ್ದದ್ದೆಲ್ಲ ಸಾವಿರದ ಮುನ್ನೂರು ವರ್ಷ ಹಳೆಯದೆಂದು ತಿಳಿಯುವವರು ಒಂದು ಕಡೆ, ಎಲ್ಲವೂ ಮತ್ತೆ ಮತ್ತೆ ಕಟ್ಟಿದ್ದು, ಇದರಲ್ಲಿ ಅಸಲಿ ಏನಿದೆ ಎಂದು ಮೂಗು ಮುರಿಯುವವರು ಇನ್ನೊಂದು ಕಡೆ. ಇಬ್ಬರ ಎಣಿಕೆಯೂ ಸರಿಯಲ್ಲ. ಈ ಸ್ಥಳ ಮೊದಲು ಯಾವ ಕೆಲಸಕ್ಕಾಗಿ ಇತ್ತು, ಅದರ ಯಾವ ಭಾಗ ಯಾವ ಶತಮಾನದ್ದು ಎಂಬೆರಡು ಪ್ರಶ್ನೆಗಳನ್ನು ಬಿಡಿಸಿಕೊಂಡು ಹೋದರೆ ಮಾತ್ರ ಅಲ್ಲಿ ಕಳೆಯುವ ಅರ್ಧ ದಿನಕ್ಕೆ ಅರ್ಥ ಬರುತ್ತದೆ.

ತಾಂಗ್ ಚಕ್ರವರ್ತಿ ತೈಝೋಂಗ್‌ನ ಕಾಲದಲ್ಲಿ ಯುವರಾಜನಾಗಿದ್ದ, ಮುಂದೆ ಗಾವ್‌ಝೋಂಗ್ ಎಂಬ ಹೆಸರಿನಿಂದ ಪಟ್ಟಕ್ಕೇರಿದ ಲೀ ಝಿ, ತೀರಿಕೊಂಡ ತನ್ನ ತಾಯಿ ಝಾಂಗ್‌ಸುನ್ ಮಹಾರಾಣಿಯ ನೆನಪಿಗೆ ಈ ವಿಹಾರವನ್ನು 648ರಲ್ಲಿ ಕಟ್ಟಿಸಿದನು. ಆಗ ಷಿಯಾನ್‌ಗೆ ಚಾಂಗಾನ್ ಎಂಬ ಹೆಸರಿತ್ತು. ನಗರವನ್ನು ಚೌಕ ಚೌಕವಾಗಿ ವಿಂಗಡಿಸಿ, ಪ್ರತಿ ಕೇರಿಗೂ ಗೋಡೆ ಎಬ್ಬಿಸಿ, ರಾತ್ರಿಯಾದರೆ ಬಾಗಿಲು ಹಾಕುತ್ತಿದ್ದ ಕಾಲವದು. ಅಂಥ ಒಂದು ಕೇರಿಯಲ್ಲಿ, ಸುಯ್ ರಾಜವಂಶದ ಕಾಲದಲ್ಲಿ ಇನ್ನೊಂದು ವಿಹಾರವಿದ್ದ ಜಾಗದಲ್ಲಿ, ಹತ್ತಕ್ಕೂ ಹೆಚ್ಚು ಅಂಗಳಗಳೂ 1,897 ಅಂಕಣಗಳೂ ಇದ್ದ ದಾ ತ್ಸಿಎನ್ ವಿಹಾರ ಎದ್ದಿತು. ಇಂದು ನಾವು ಒಳಹೊಗುವ ಆವರಣ ಆ ವಿಸ್ತಾರದ ಒಂದು ಮೂಲೆ ಮಾತ್ರ. ಮೂಲ ವಿಹಾರದ ಪಶ್ಚಿಮ ಭಾಗದಲ್ಲಿ ಗೋಪುರಕ್ಕೆಂದು ಇದ್ದ ಅಂಗಳವಷ್ಟೇ ಉಳಿದು, ಮಿಕ್ಕದ್ದೆಲ್ಲ ರಸ್ತೆ, ಅಂಗಡಿ, ಉದ್ಯಾನಗಳ ಕೆಳಗೆ ಸೇರಿಹೋಗಿದೆ.

ಅರಮನೆಯ ಹಣದಲ್ಲಿ ಕಟ್ಟಿದ ವಿಹಾರಗಳು ಚಾಂಗಾನ್‌ನಲ್ಲಿ ಇನ್ನೂ ಇದ್ದವು. ಇದನ್ನು ಎಲ್ಲಕ್ಕಿಂತ ಬೇರೆಯಾಗಿಸಿದವನು ಅಲ್ಲಿಗೆ ಮುಖ್ಯಸ್ಥನಾಗಿ ಬಂದ ಭಿಕ್ಷು, ನಮ್ಮ ಶಾಲಾ ಪಠ್ಯಗಳಲ್ಲಿ ಹ್ಯೂಯೆನ್‌ತ್ಸಾಂಗ್ ಎಂದು ಕಾಣಿಸಿಕೊಳ್ಳುವವನು. ಗಡಿ ದಾಟಬಾರದೆಂಬ ರಾಜಾಜ್ಞೆಯನ್ನು ಮೀರಿ ಕದ್ದು ಹೊರಟು, ಮರುಭೂಮಿಯನ್ನೂ ಹಿಮಪರ್ವತಗಳನ್ನೂ ದಾಟಿ, ನಾಲಂದದಲ್ಲಿ ಶೀಲಭದ್ರನ ಬಳಿ ಯೋಗಾಚಾರವೆಂಬ ಬೌದ್ಧ ದರ್ಶನವನ್ನು ಕಲಿತು, ಭಾರತವನ್ನು ಬಹುಮಟ್ಟಿಗೆ ಸುತ್ತಿ 645ರಲ್ಲಿ ಆತ ಚಾಂಗಾನ್‌ಗೆ ಮರಳಿದಾಗ, ಇಪ್ಪತ್ತು ಕುದುರೆಗಳ ಮೇಲೆ 520 ಕಟ್ಟುಗಳಲ್ಲಿ 657 ಗ್ರಂಥಗಳು ಬಂದವು. ಅವೆಲ್ಲ ಸೂತ್ರ, ಸ್ತೋತ್ರಗಳೇ ಆಗಿರಲಿಲ್ಲ. ಹೇತುವಿದ್ಯೆ ಅಂದರೆ ತರ್ಕಶಾಸ್ತ್ರಕ್ಕೆ ಸೇರಿದ 36, ವ್ಯಾಕರಣಕ್ಕೆ ಸೇರಿದ 13 ಗ್ರಂಥಗಳೂ ಆ ಪಟ್ಟಿಯಲ್ಲಿವೆ. ಪೂಜೆಗಾಗಿ ಪುಸ್ತಕ ತಂದವನು ವ್ಯಾಕರಣವನ್ನು ಹೊತ್ತು ತರುವುದಿಲ್ಲ. ಮರಳಿದ ಮೇಲೆ ಮಾಡಬೇಕಾದ ಕೆಲಸ ಯಾವುದೆಂದು ಆತನಿಗೆ ಮೊದಲೇ ಸ್ಪಷ್ಟವಿತ್ತು.

ಕನ್ನಡ ಓದುಗರಿಗೆ ಈ ಭಿಕ್ಷು ಪರಿಚಿತನಾಗಿರುವುದು ಇಮ್ಮಡಿ ಪುಲಕೇಶಿಯ ಮೂಲಕ. ಸುಮಾರು 641ರಲ್ಲಿ ಚಾಲುಕ್ಯ ರಾಜ್ಯಕ್ಕೆ ಬಂದಿದ್ದ ಆತ, ಅಲ್ಲಿನ ಜನರ ಸ್ವಾಭಿಮಾನ, ಕಾಳಗಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುವ ರೂಢಿ, ಹರ್ಷವರ್ಧನನಂಥವನೂ ಈ ರಾಜನನ್ನು ಮಣಿಸಲಾಗದೆ ಹೋದದ್ದು ಇವನ್ನೆಲ್ಲ ಬರೆದಿಟ್ಟಿದ್ದಾನೆ. ಅದಕ್ಕಿಂತ ಕಡಿಮೆ ಪ್ರಸಿದ್ಧವಾದ, ಆದರೆ ಹಂಸಗೋಪುರಕ್ಕೆ ಹೆಚ್ಚು ಹತ್ತಿರವಾದ ಇನ್ನೊಂದು ಸಂಗತಿ ಅದೇ ಬರಹದಲ್ಲಿದೆ. ದ್ರಾವಿಡ ದೇಶದಿಂದ ಉತ್ತರಕ್ಕೆ ಬರುವಾಗ ಸಿಕ್ಕಿದ ಕೊಂಕಣಪುರವೆಂಬ ನಾಡಿನಲ್ಲಿ ನೂರಕ್ಕೂ ಮಿಕ್ಕಿ ವಿಹಾರಗಳೂ ಹತ್ತು ಸಾವಿರಕ್ಕೂ ಮಿಕ್ಕಿ ಭಿಕ್ಷುಗಳೂ ಇದ್ದರೆಂದೂ, ಊರಿನ ಉತ್ತರಕ್ಕೆ ದೊಡ್ಡದೊಂದು ತಾಳೆಯ ವನವಿತ್ತೆಂದೂ, ಅದರ ಉದ್ದ ಅಗಲದ ನುಣುಪಾದ ಗರಿಗಳನ್ನೇ ಎಲ್ಲ ದೇಶದವರೂ ಬರೆಯಲು ಬಳಸುತ್ತಾರೆಂದೂ ಆತ ಹೇಳುತ್ತಾನೆ. ಈ ಕೊಂಕಣಪುರ ಯಾವುದೆಂಬ ಬಗ್ಗೆ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಆನೆಗೊಂದಿಯನ್ನು ಸೂಚಿಸಿದವರಿದ್ದಾರೆ, ಬನವಾಸಿಯನ್ನು ಸೂಚಿಸಿದವರೂ ಇದ್ದಾರೆ. ಏನೇ ಇರಲಿ, ಚಾಂಗಾನ್‌ಗೆ ಬಂದ ಗ್ರಂಥಗಳು ಭಾರತದ ತಾಳೆಗರಿ, ಭೂರ್ಜಪತ್ರಗಳ ಕಟ್ಟುಗಳಾಗಿದ್ದವು ಎಂಬುದನ್ನು ಮರೆತರೆ ಮುಂದೆ ಗೋಪುರ ಕಟ್ಟಿದ್ದೇಕೆ ಎನ್ನುವುದೂ ತಿಳಿಯುವುದಿಲ್ಲ.

ದಾ ತ್ಸಿಎನ್ ವಿಹಾರದಲ್ಲಿ ಆತನಿಗೆಂದೇ ಅನುವಾದದ ಅಂಗಳವೊಂದು ಸಿದ್ಧವಾಯಿತು. ಅಲ್ಲಿ ನಡೆಯುತ್ತಿದ್ದುದು ಒಬ್ಬ ಪಂಡಿತ ಒಂದು ಮೂಲೆಯಲ್ಲಿ ಕೂತು ಮಾಡುವ ಭಾಷಾಂತರವಲ್ಲ. ಮೂಲವನ್ನು ಓದಿ ಅರ್ಥ ಹೇಳುವವನು ಹ್ಯೂಯೆನ್‌ತ್ಸಾಂಗ್. ಅದನ್ನು ಬರೆದುಕೊಳ್ಳುವವರು ಬೇರೆ, ಅರ್ಥ ತಪ್ಪಿಲ್ಲವೆಂದು ನೋಡುವವರು ಬೇರೆ, ಚೀನೀ ವಾಕ್ಯಗಳನ್ನು ತಿದ್ದಿ ಜೋಡಿಸುವವರು ಬೇರೆ, ಅಕ್ಷರಗಳ ಸರಿತಪ್ಪು ಹೇಳುವವನೊಬ್ಬ, ಸಂಸ್ಕೃತ ಪಾಠವನ್ನು ತಾಳೆ ನೋಡುವವನೊಬ್ಬ. ಅರಮನೆ ಇವರೆಲ್ಲರ ಊಟ, ವಸತಿ, ಕಾಗದ, ಮಸಿಗಳ ಖರ್ಚನ್ನು ಹೊತ್ತಿತ್ತು. ಶಿಷ್ಯರು ಬರೆದ ಜೀವನಚರಿತ್ರೆಯ ಪ್ರಕಾರ ಆತ ರಾತ್ರಿ ತಡವಾಗಿ ಮಲಗಿ, ಬೆಳಕು ಹರಿಯುವ ಮುನ್ನವೇ ಎದ್ದು, ಆ ದಿನ ಅನುವಾದಿಸಬೇಕಾದ ಸಂಸ್ಕೃತ ಭಾಗವನ್ನು ಗಟ್ಟಿಯಾಗಿ ಓದಿ, ಎಲ್ಲೆಲ್ಲಿ ನಿಲ್ಲಬೇಕೆಂಬುದಕ್ಕೆ ಕೆಂಪು ಮಸಿಯಲ್ಲಿ ಚುಕ್ಕೆ ಇಡುತ್ತಿದ್ದನು. ಸಂಜೆ ಹೊಸ ಗ್ರಂಥಗಳ ಮೇಲೆ ಪಾಠ; ಆ ಹೊತ್ತಿಗೆ ಪ್ರಶ್ನೆ ಕೇಳಲು ನೂರಕ್ಕೂ ಹೆಚ್ಚು ಶಿಷ್ಯರು ಪಡಸಾಲೆಯಲ್ಲಿ ತುಂಬಿರುತ್ತಿದ್ದರಂತೆ. ಚೀನಾದಲ್ಲಿ ಬೆಳೆಯದ ಮರದ ಹೆಸರು, ಹಲವು ಅರ್ಥ ಹೊತ್ತ ಪದ, ಮಂತ್ರ ಮುಂತಾದವನ್ನು ಅನುವಾದಿಸದೆ ಧ್ವನಿಯಲ್ಲೇ ಉಳಿಸಬೇಕೆಂಬ ನಿಯಮವೂ ಆತನದೇ. ನಮ್ಮ ನೇರಳೆ, ಅಂದರೆ ಜಂಬೂ, ಹೀಗೆಯೇ ತನ್ನ ಸಂಸ್ಕೃತ ಉಚ್ಚಾರದೊಡನೆ ಚೀನೀ ಗ್ರಂಥಗಳಲ್ಲಿ ಉಳಿಯಿತು.

ಹತ್ತೊಂಬತ್ತು ವರ್ಷಗಳಲ್ಲಿ ಹೀಗೆ 75 ಗ್ರಂಥಗಳು, 1,335 ಸುರುಳಿಗಳಷ್ಟು ಬರಹವಾಗಿ ಹೊರಬಂದವು. ಇವುಗಳಲ್ಲಿ ಎಷ್ಟೋ ಗ್ರಂಥಗಳ ಸಂಸ್ಕೃತ ಮೂಲ ಭಾರತದಲ್ಲಿ ಕಳೆದುಹೋಗಿ ಚೀನೀ ರೂಪ ಮಾತ್ರ ನಮಗೆ ದಕ್ಕಿದೆ. ಬೌದ್ಧವೇ ಅಲ್ಲದ, ವೈಶೇಷಿಕ ದರ್ಶನಕ್ಕೆ ಸೇರಿದ ಒಂದು ಸಣ್ಣ ಗ್ರಂಥವೂ ಹೀಗೆ ಉಳಿದುಕೊಂಡಿದೆ. ಆತನ ಶಿಷ್ಯ ಕ್ವೇಜಿ ಇಲ್ಲಿಯೇ ಯೋಗಾಚಾರದ ಚೀನೀ ಶಾಖೆಯನ್ನು ಕಟ್ಟಿದನು, ಜಪಾನಿನಿಂದ ಬಂದ ದೋಶೋ ಅದನ್ನು ತನ್ನ ದೇಶಕ್ಕೆ ಒಯ್ದನು. ವಿಹಾರ ಎಂದೊಡನೆ ಧೂಪ, ಗಂಟೆ, ಮೌನಗಳನ್ನು ಕಲ್ಪಿಸಿಕೊಳ್ಳುವ ನಮಗೆ ದಾ ತ್ಸಿಎನ್‌ನ ಏಳನೆಯ ಶತಮಾನದ ದಿನಚರಿ ವಿಶ್ವವಿದ್ಯಾಲಯದ ಪ್ರಕಾಶನ ವಿಭಾಗದ ಗದ್ದಲವನ್ನು ಹೆಚ್ಚು ಹೋಲುತ್ತದೆ ಎಂದು ಹೇಳಿದರೆ ತಪ್ಪಾಗದು.

ಗೋಪುರ ಬಂದದ್ದು ಈ ಕೆಲಸದ ಬೆನ್ನಿಗೆ. ಮರದ ಕಟ್ಟಡಗಳೇ ತುಂಬಿದ್ದ ನಗರದಲ್ಲಿ ಬೆಂಕಿ ಬಿದ್ದರೆ ಗರಿಗಳ ಕಟ್ಟುಗಳು ಒಂದು ಗಳಿಗೆಯಲ್ಲಿ ಬೂದಿಯಾಗುತ್ತವೆ. ಕಾಲ ಕಳೆದಂತೆ ಗ್ರಂಥಗಳು ಚದುರಿಹೋಗುವ ಭಯ ಇನ್ನೊಂದು. ಆದ್ದರಿಂದ 652ರಲ್ಲಿ ಹ್ಯೂಯೆನ್‌ತ್ಸಾಂಗ್ ಕಲ್ಲಿನ ಭಾರಿ ಸ್ತೂಪವೊಂದನ್ನು ಕಟ್ಟಲು ಅನುಮತಿ ಕೇಳಿದನು. ಕಲ್ಲಿನ ಕೆಲಸ ಬೇಗ ಮುಗಿಯುವುದಿಲ್ಲ, ಇಟ್ಟಿಗೆಯಲ್ಲೇ ಆಗಲಿ ಎಂದ ಚಕ್ರವರ್ತಿ, ತೀರಿಕೊಂಡಿದ್ದ ಅಂತಃಪುರದ ಹೆಂಗಸರ ಬಟ್ಟೆಬರೆ, ವಸ್ತುಗಳನ್ನು ಅದರ ಖರ್ಚಿಗೆ ಕೊಡಿಸಿದನು. ಐವತ್ತರ ವಯಸ್ಸಿನ ಆ ಭಿಕ್ಷು ತಾನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತನೆಂದು ಶಿಷ್ಯರು ಬರೆದಿದ್ದಾರೆ. ಭಾರತದ ಸ್ತೂಪಗಳ ಮಾದರಿಯಲ್ಲಿ ಐದು ಅಂತಸ್ತು, ಪ್ರತಿ ಅಂತಸ್ತಿನ ನಡುವೆ ಧಾತುಗಳು ಅಂದರೆ ಪೂಜ್ಯ ಅವಶೇಷಗಳು, ತುದಿಯಲ್ಲಿ ಕಲ್ಲಿನ ಕೋಣೆ. ಹೀಗೆ ನಿಂತ ಮೊದಲ ಗೋಪುರಕ್ಕೂ ಇಂದಿನ ಏಳು ಅಂತಸ್ತಿನ ಗೋಪುರಕ್ಕೂ ರೂಪದಲ್ಲಿ ಸಾಮ್ಯ ಕಡಿಮೆ.

ಆ ಮೊದಲ ಗೋಪುರ ಐವತ್ತು ವರ್ಷವೂ ನೆಟ್ಟಗೆ ನಿಲ್ಲಲಿಲ್ಲ. ಹೊರಗೆ ಇಟ್ಟಿಗೆ, ಒಳಗೆಲ್ಲ ಬಡಿದು ಗಟ್ಟಿ ಮಾಡಿದ ಮಣ್ಣು ಎಂಬ ಕ್ರಮದಲ್ಲಿ ಅದನ್ನು ಕಟ್ಟಿದ್ದರಿಂದ ಗಿಡಗಂಟಿಗಳು ಒಳಗಿನಿಂದಲೇ ಬೇರುಬಿಟ್ಟು ಹೊರಬಂದು, ಗೋಪುರ ಶಿಥಿಲವಾಯಿತೆಂದು ಹಳೆಯ ದಾಖಲೆ ಹೇಳುತ್ತದೆ. ಗೋಪುರದ ಮೇಲೆ ಅಶ್ವತ್ಥ ಹುಟ್ಟಿದರೆ ಏನಾಗುತ್ತದೆಂದು ನಮ್ಮ ಊರುಗಳ ದೇವಸ್ಥಾನಗಳನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. 701ರಿಂದ 704ರ ನಡುವೆ, ಚಕ್ರವರ್ತಿನಿ ವೂ ಝೆಟಿಯೆನ್‌ಳ ಕಾಲದಲ್ಲಿ, ಅದನ್ನು ಕೆಡವಿ ಇನ್ನಷ್ಟು ಎತ್ತರವಾಗಿ, ಒಳಗೆ ಮೆಟ್ಟಿಲು ಹತ್ತುವಂತೆ ಹೊಸದಾಗಿ ಕಟ್ಟಿಸಲಾಯಿತು. 752ರಲ್ಲಿ ದು ಫು, ಸೆನ್ ಷೆನ್ ಮೊದಲಾದ ಕವಿಗಳು ಒಟ್ಟಿಗೆ ಇದರ ಮೇಲೇರಿ ಪದ್ಯ ಬರೆದಾಗ ಅದು ಏಳು ಅಂತಸ್ತಿನದಾಗಿತ್ತೆಂಬುದಕ್ಕೆ ಸೆನ್ ಷೆನ್‌ನ ಪದ್ಯವೇ ಸಾಕ್ಷಿ. 1556ರ ಜನವರಿಯಲ್ಲಿ ಷಿಯಾನ್ ಇರುವ ಷಾನ್‌ಷಿ ಪ್ರಾಂತ್ಯವನ್ನು ನಡುಗಿಸಿದ, ಇತಿಹಾಸದಲ್ಲೇ ಅತಿ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡ ಭೂಕಂಪದಲ್ಲಿ ಗೋಪುರಕ್ಕೆ ಪೆಟ್ಟು ಬಿತ್ತು. ಮಿಂಗ್ ಆಡಳಿತ 1604ರಲ್ಲಿ ದುರಸ್ತಿಗೆ ಇಳಿದು, ತಾಂಗ್ ಕಾಲದ ಕಟ್ಟಡವನ್ನು ಹಾಗೆಯೇ ಇರಿಸಿ, ಅದರ ಸುತ್ತ ಸುಮಾರು 60 ಸೆಂಟಿಮೀಟರ್ ದಪ್ಪದ ಹೊಸ ಇಟ್ಟಿಗೆಯ ಹೊದಿಕೆ ಕಟ್ಟಿಸಿತು. ಹಾಗಾಗಿ ನಾವು ಕೈಯಿಂದ ಮುಟ್ಟುವ ಇಟ್ಟಿಗೆ ಮಿಂಗ್ ಕಾಲದ್ದು. ಅದರ ಒಳಗಿರುವ ಒಡಲು ಎಂಟನೆಯ ಶತಮಾನದ್ದು. 652 ಎಂಬುದು ಗೋಪುರವನ್ನು ಮೊದಲು ಎತ್ತಿದ ವರ್ಷ. ಮೂರೂ ಮಾತುಗಳು ಒಟ್ಟಿಗೆ ನಿಜ.

ಹಾಗಾದರೆ ಏಳನೆಯ ಶತಮಾನದ್ದೆಂದು ಕಣ್ಣಾರೆ ನೋಡಬಹುದಾದದ್ದು ಏನೂ ಇಲ್ಲವೇ ಎಂದರೆ ಇದೆ, ಅದು ನೆಲಮಟ್ಟದಲ್ಲೇ ಇದೆ. ಗೋಪುರ ಹತ್ತುವ ಆತುರದಲ್ಲಿ ಜನ ಅದನ್ನೇ ದಾಟಿ ಹೋಗುತ್ತಾರೆ. ದಕ್ಷಿಣ ಬಾಗಿಲಿನ ಎರಡೂ ಪಕ್ಕದ ಗೂಡುಗಳಲ್ಲಿ 653ರಲ್ಲಿ ಕೆತ್ತಿದ ಎರಡು ಕಪ್ಪು ಶಾಸನಗಳಿವೆ. ಒಂದು, ಹ್ಯೂಯೆನ್‌ತ್ಸಾಂಗ್‌ನ ಅನುವಾದಗಳಿಗೆ ತೈಝೋಂಗ್ ಬರೆದ ಮುನ್ನುಡಿ. ಇನ್ನೊಂದು, ಆ ಮುನ್ನುಡಿಗೆ ಮಗ ಗಾವ್‌ಝೋಂಗ್ ಬರೆದ ಟಿಪ್ಪಣಿ. ಎರಡರ ಅಕ್ಷರವೂ ಮಂತ್ರಿಯೂ ಪ್ರಖ್ಯಾತ ಲಿಪಿಕಾರನೂ ಆಗಿದ್ದ ಚೂ ಸ್ವೆಯ್‌ಲಿಯಾಂಗ್‌ನದು. ಚೀನೀ ಬರಹದ ಸಾಲುಗಳು ರೂಢಿಯಂತೆ ಬಲದಿಂದ ಎಡಕ್ಕೆ ಸಾಗುತ್ತವೆ. ಇಲ್ಲಿ ಮಾತ್ರ ಒಂದು ಶಾಸನ ಬಲದಿಂದ ಎಡಕ್ಕೂ ಅದರ ಜೊತೆಯದು ಎಡದಿಂದ ಬಲಕ್ಕೂ ಸಾಗಿ, ಬಾಗಿಲಿನ ಇಕ್ಕೆಲಗಳು ಒಂದಕ್ಕೊಂದು ಎದುರುಬದುರಾಗಿ ಹೊಂದಿಕೊಳ್ಳುತ್ತವೆ. ಅಕ್ಷರ ಓದಲು ಬಾರದವರೂ ಗುರುತಿಸಬಹುದಾದದ್ದು ಆ ಗೆರೆಗಳ ತೆಳುವು: ಗಟ್ಟಿ ಕಲ್ಲಿನಲ್ಲಿ ಕುಂಚ ಎಳೆದಂತೆ ಸಣ್ಣಗಾಗಿ, ಬಾಗಿ, ತುದಿಯಲ್ಲಿ ಮೊನಚಾಗುತ್ತವೆ. ಚೀನಾದಲ್ಲಿ ಸುಂದರ ಬರವಣಿಗೆ ಕಲಿಯುವ ಮಕ್ಕಳು ಇಂದಿಗೂ ಈ ಶಾಸನಗಳ ಪಡಿಯಚ್ಚನ್ನು ಇಟ್ಟುಕೊಂಡು ತಿದ್ದುತ್ತಾರೆ.

ಇನ್ನೊಂದು ನಿಧಿ ಪಶ್ಚಿಮ ಬಾಗಿಲಿನ ಮೇಲಿದೆ. ಬಾಗಿಲುವಾಡದ ಮೇಲಿನ ಅರ್ಧವೃತ್ತಾಕಾರದ ಕಲ್ಲಿನಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ, ಮರದ ಮಂಟಪವೊಂದರಲ್ಲಿ ಕೂತು ಉಪದೇಶಿಸುತ್ತಿರುವ ಬುದ್ಧನನ್ನು ಕೊರೆದಿದ್ದಾರೆ. ಭಕ್ತರ ಕಣ್ಣು ಬುದ್ಧನ ಮೇಲೆ ಹೋಗುತ್ತದೆ. ವಾಸ್ತುಶಿಲ್ಪದ ಇತಿಹಾಸಕಾರರ ಕಣ್ಣು ಹೋಗುವುದು ಆ ಮಂಟಪದ ಮೇಲೆ. ಕಂಬದ ಮೇಲೆ ಬೋದಿಗೆಗಳು ಹೇಗೆ ಒಂದರ ಮೇಲೊಂದು ಚಾಚಿಕೊಂಡು ಚಾವಣಿಯ ಭಾರ ಹೊರುತ್ತವೆ, ಮಾಡಿನ ತುದಿಯಲ್ಲಿ ಯಾವ ಆಕಾರದ ಅಲಂಕಾರವಿತ್ತು, ಪಡಸಾಲೆ ಹೇಗೆ ಕೂಡಿಕೊಳ್ಳುತ್ತಿತ್ತು ಎಂಬುದೆಲ್ಲ ಅದರಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ತಾಂಗ್ ರಾಜಧಾನಿಯ ಒಂದೇ ಒಂದು ಮರದ ಕಟ್ಟಡವೂ ಉಳಿದಿಲ್ಲ. ದೂರದ ವೂತಾಯ್ ಬೆಟ್ಟದ ಸೀಮೆಯಲ್ಲಿ ಉಳಿದಿರುವ ನಾನ್‌ಚಾನ್ ವಿಹಾರದ ಮಂಟಪ 782ರದು, ಫೋಗ್ವಾಂಗ್ ವಿಹಾರದ ಮಂಟಪ 857ರದು. ಅದರಿಂದ ತಾಂಗ್ ಮರಗೆಲಸವನ್ನು ಅರಿಯಲು ಚೀನೀ ವಾಸ್ತು ಇತಿಹಾಸದ ಹಿರಿಯ ಲಿಯಾಂಗ್ ಸಿಚೆಂಗ್‌ನಂಥವರಿಗೂ ಈ ಕಲ್ಲಿನ ಗೆರೆಗಳೇ ಆಧಾರವಾದವು. ದುರ್ಬೀನು ಇದ್ದರೆ ಜೊತೆಗೆ ಒಯ್ಯುವುದು ಒಳ್ಳೆಯದು.

ಈ ಕಲ್ಲಿನ ಚಿತ್ರವನ್ನು ಕಂಡ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ಗೋಪುರದ ಹೊರಮೈಯನ್ನು ನೋಡಿದರೆ, ಇಟ್ಟಿಗೆಯಲ್ಲೇ ಕಂಬ, ತೊಲೆ, ಬೋದಿಗೆಗಳ ಆಕಾರ ಮೂಡಿಸಿರುವುದು ಕಾಣುತ್ತದೆ. ಕೆಳಗಿನ ಎರಡು ಅಂತಸ್ತುಗಳ ಪ್ರತಿ ಮುಖದಲ್ಲಿ ಒಂಬತ್ತು ಅಂಕಣ, ಮೂರು ಮತ್ತು ನಾಲ್ಕನೆಯದರಲ್ಲಿ ಏಳು, ಅದರ ಮೇಲೆ ಐದು. ಮರದ ಮಹಡಿ ಮನೆಯನ್ನು ಇಟ್ಟಿಗೆಗೆ ಇಳಿಸಿದ ಕ್ರಮವಿದು. ಭಾರತದ ಸ್ತೂಪ ಚೀನಾದಲ್ಲಿ ಪಗೋಡಾ ಆದ ದಾರಿಯೂ ಇಲ್ಲಿದೆ. ಇನ್ನೂ ಸ್ವಲ್ಪ ಹೊತ್ತು ದಿಟ್ಟಿಸಿದರೆ ಗೋಪುರ ತುಸು ಓರೆಯಾಗಿರುವುದು ಕಾಣಬಹುದು. ನಗರ ಬೆಳೆದಂತೆ ಕೊಳವೆಬಾವಿಗಳಿಂದ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ನೆಲ ಕುಸಿದು, 1996ರ ಹೊತ್ತಿಗೆ ತುದಿ ಒಂದು ಮೀಟರಿಗೂ ಹೆಚ್ಚು ವಾಲಿತ್ತು. ಬಾವಿಗಳನ್ನು ಮುಚ್ಚಿಸಿ ನೀರೆತ್ತುವುದನ್ನು ಹತೋಟಿಗೆ ತಂದ ಮೇಲೆ ಅದು ಬಹಳ ನಿಧಾನವಾಗಿ ಹಿಂದಕ್ಕೆ ಮರಳುತ್ತಿದೆ. ಒಳಗೆ ಮರದ ಮೆಟ್ಟಿಲೇರಿ ಮೇಲಿನವರೆಗೆ ಹೋಗಬಹುದು. ಅದಕ್ಕೆ ಆವರಣದೊಳಗೆ ಬೇರೆ ಟಿಕೆಟ್. ಮೇಲಿನ ಕಿಟಕಿಗಳಿಂದ ನಗರದ ನೇರ ರಸ್ತೆಗಳು ಕಾಣುತ್ತವೆ, ಅಷ್ಟೆ. ಮಂಡಿನೋವಿರುವವರು ಹತ್ತದೆ ಕೆಳಗಿನ ನಾಲ್ಕು ಬಾಗಿಲುಗಳ ಸುತ್ತ ಆ ಸಮಯ ಕಳೆದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಹಂಸದ ಹೆಸರು ಮಗಧದಿಂದ ಬಂದದ್ದು. ಅಲ್ಲಿನ ಬೆಟ್ಟವೊಂದರ ವಿಹಾರದಲ್ಲಿ ಕೆಲವು ಬಗೆಯ ಮಾಂಸವನ್ನು ತಿನ್ನಬಹುದೆಂಬ ನಿಯಮವನ್ನು ಪಾಲಿಸುತ್ತಿದ್ದ ಭಿಕ್ಷುಗಳಿದ್ದರು. ಒಂದು ದಿನ ಮಾಂಸ ಸಿಗದೆ ಉಗ್ರಾಣದ ಭಿಕ್ಷು ಆಕಾಶದಲ್ಲಿ ಹಾರುವ ಹಂಸಗಳನ್ನು ನೋಡಿ, ಇವತ್ತು ನಮಗೆ ಊಟಕ್ಕಿಲ್ಲ, ಬೋಧಿಸತ್ವನಿಗೆ ಇದು ತಿಳಿದಿರಬೇಕು ಎಂದು ತಮಾಷೆಗೆ ಅಂದಾಗ ಗುಂಪಿನ ಮುಂಚೂಣಿಯ ಹಂಸ ಅವನ ಮುಂದೆಯೇ ಬಿದ್ದು ಸತ್ತಿತು. ನಾಚಿದ ಭಿಕ್ಷುಗಳು ಅದನ್ನು ಹೂಳಿ ಮೇಲೆ ಸ್ತೂಪ ಕಟ್ಟಿದರು. ಈ ಕಥೆಯನ್ನು ಹ್ಯೂಯೆನ್‌ತ್ಸಾಂಗ್ ತನ್ನ ಪ್ರವಾಸದ ಬರಹದಲ್ಲಿ ದಾಖಲಿಸಿದ್ದಾನೆ.

ಗೋಪುರದ ಮುಂದಿನ ಮಂಟಪಗಳು ತಾಂಗ್ ಕಾಲದವಲ್ಲ, ಮಿಂಗ್ ಮತ್ತು ಚಿಂಗ್ ಕಾಲದಲ್ಲಿ ಕಟ್ಟಿ ದುರಸ್ತಿ ಮಾಡಿದವು. ಅವುಗಳ ಕ್ರಮ ಮಾತ್ರ ಚೀನೀ ವಿಹಾರಗಳ ಸಾಮಾನ್ಯ ಕ್ರಮವೇ: ದಕ್ಷಿಣದ ಮಹಾದ್ವಾರದಿಂದ ಒಳಬಂದರೆ ಪೂರ್ವಕ್ಕೆ ಗಂಟೆಯ ಗೋಪುರ, ಪಶ್ಚಿಮಕ್ಕೆ ನಗಾರಿಯ ಗೋಪುರ, ನೇರಕ್ಕೆ ಬುದ್ಧನ ಮುಖ್ಯ ಮಂಟಪ, ಅದರ ಹಿಂದೆ ಧರ್ಮೋಪದೇಶದ ಮಂಟಪ. ಮುಖ್ಯ ಮಂಟಪದಲ್ಲಿ ಒಂದೇ ಬುದ್ಧನ ಬದಲು ಮೂರು ವಿಗ್ರಹಗಳಿರುವುದು ಭಾರತೀಯ ಪ್ರವಾಸಿಗಳನ್ನು ಗೊಂದಲಕ್ಕೆ ದೂಡುತ್ತದೆ. ಧರ್ಮಕಾಯ, ಸಂಭೋಗಕಾಯ, ನಿರ್ಮಾಣಕಾಯ ಎಂಬ ಬುದ್ಧನ ಮೂರು ಕಾಯಗಳ ಮಹಾಯಾನ ಸಿದ್ಧಾಂತವನ್ನು ಅಲ್ಲಿ ವಿಗ್ರಹರೂಪದಲ್ಲಿ ಕೂರಿಸಿದ್ದಾರೆ. ಚರಿತ್ರೆಯ ಗೌತಮ ಬುದ್ಧ ಅವುಗಳಲ್ಲಿ ಮೂರನೆಯವನು. ಇದು ಇಂದಿಗೂ ಭಿಕ್ಷುಗಳಿರುವ, ಪೂಜೆ ನಡೆಯುವ ಸ್ಥಳ. ಹೊಸ್ತಿಲನ್ನು ತುಳಿಯದೆ ದಾಟುವುದು, ಮಂಟಪದೊಳಗೆ ವಿಗ್ರಹಗಳ ಫೋಟೊ ತೆಗೆಯದಿರುವುದು, ಊದುಬತ್ತಿಯನ್ನು ಹೊರಗಿನ ಧೂಪಪಾತ್ರೆಯಲ್ಲೇ ಹಚ್ಚುವುದು ಅಲ್ಲಿನ ನಡಾವಳಿ.

ಇಷ್ಟು ದೊಡ್ಡ ವಿಹಾರ ಇಷ್ಟು ಚಿಕ್ಕದಾದುದಕ್ಕೆ ಎರಡು ತಾರೀಖುಗಳನ್ನು ನೆನಪಿಟ್ಟರೆ ಸಾಕು. 845ರಲ್ಲಿ ಚಕ್ರವರ್ತಿ ವೂಝೋಂಗ್ ಬೌದ್ಧ ವಿಹಾರಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿ ಭಿಕ್ಷುಗಳನ್ನು ಸಂಸಾರಕ್ಕೆ ಮರಳಿಸಿದಾಗ ರಾಜಧಾನಿಯಲ್ಲಿ ಉಳಿಸಿಕೊಂಡದ್ದು ನಾಲ್ಕು ವಿಹಾರಗಳನ್ನು ಮಾತ್ರ, ಅವುಗಳಲ್ಲಿ ಇದೂ ಒಂದು. ಅಲ್ಲಿ ಪಾರಾದ ವಿಹಾರಕ್ಕೆ 904ರಲ್ಲಿ ಏಟು ಬಿತ್ತು. ತಾಂಗ್ ಆಡಳಿತ ಮುಗಿಯುವ ಮುನ್ನ ಅರಮನೆಗಳ ಮರಮುಟ್ಟನ್ನು ಕಿತ್ತು ಲುವೊಯಾಂಗ್‌ಗೆ ಸಾಗಿಸಲಾಯಿತು, ನಗರ ಕುಗ್ಗಿತು, ಹೊಸ ಗೋಡೆ ಒಳಸರಿಯಿತು, ವಿಹಾರ ಹೊಲಗಳ ನಡುವೆ ಹೊರಗುಳಿಯಿತು. ಹ್ಯೂಯೆನ್‌ತ್ಸಾಂಗ್ ತಂದ 657 ಗ್ರಂಥಗಳಲ್ಲಿ ಯಾವುದೂ ಇಂದು ಗೋಪುರದಲ್ಲಿಲ್ಲ. ಸರ್ಕಾರಿ ಹುದ್ದೆಗಾಗಿ ನಡೆಯುತ್ತಿದ್ದ ಉಚ್ಚ ಪರೀಕ್ಷೆಯಲ್ಲಿ ತೇರ್ಗಡೆಯಾದ ತಾಂಗ್ ಕಾಲದ ತರುಣರು ಇಲ್ಲಿ ತಮ್ಮ ಹೆಸರು ಬರೆಯುವ ಸಂಪ್ರದಾಯವಿತ್ತು. 800ರಲ್ಲಿ ತೇರ್ಗಡೆಯಾದ ಕವಿ ಬೈ ಜುಯಿ, ಆ ಹದಿನೇಳು ಜನರಲ್ಲಿ ತಾನೇ ಕಿರಿಯನೆಂದು ಹಿಗ್ಗಿನಿಂದ ಬರೆದುಕೊಂಡಿದ್ದಾನೆ. ಆ ಹೆಸರುಗಳೂ ಅಳಿಸಿಹೋಗಿವೆ. ಬಾಗಿಲುವಾಡಗಳ ಮೇಲೆ ಈಗ ಕಾಣುವ ಹೆಸರುಗಳು ಮಿಂಗ್, ಚಿಂಗ್ ಕಾಲದ ಪ್ರಾಂತೀಯ ಪರೀಕ್ಷಾರ್ಥಿಗಳದು; ತಾಂಗ್ ಚಿತ್ರದ ಗೆರೆಗಳ ಮೇಲೆಯೇ ಹೆಸರು ಕೆತ್ತಿಹೋದವರೂ ಅವರಲ್ಲಿದ್ದಾರೆ.

ಅಂಗಳದಲ್ಲಿ ನೆನೆಯಬೇಕಾದ ಕಾಗದವೊಂದಿದೆ. 652ರಲ್ಲಿ ಬೋಧಗಯೆಯ ಮಹಾಬೋಧಿ ವಿಹಾರದಿಂದ ಜ್ಞಾನಪ್ರಭ ಮತ್ತು ಪ್ರಜ್ಞಾದೇವ ಎಂಬ ಹಳೆಯ ಪರಿಚಯದವರು ಒಂದು ಜೊತೆ ಹತ್ತಿ ಬಟ್ಟೆಯೊಡನೆ ಹ್ಯೂಯೆನ್‌ತ್ಸಾಂಗ್‌ಗೆ ಓಲೆ ಕಳಿಸಿದರು. 654ರಲ್ಲಿ ಇದೇ ವಿಹಾರದಿಂದ ಬರೆದ ಉತ್ತರದಲ್ಲಿ ಆತ ಗುರು ಶೀಲಭದ್ರನ ಮರಣಕ್ಕೆ ದುಃಖಪಟ್ಟು, ಈವರೆಗೆ ಮೂವತ್ತಕ್ಕೂ ಹೆಚ್ಚು ಗ್ರಂಥಗಳ ಅನುವಾದ ಮುಗಿದಿದೆಯೆಂದು ತಿಳಿಸಿ, ಹೀನಯಾನವನ್ನು ಬಿಡದ ಪ್ರಜ್ಞಾದೇವನನ್ನು ಹಟ ಸಾಕೆಂದು ಕೆಣಕುತ್ತಾನೆ. ಕೊನೆಗೆ ವಿಷಯಕ್ಕೆ ಬರುತ್ತಾನೆ: ಸಿಂಧೂ ನದಿ ದಾಟುವಾಗ ಒಂದು ಹೊರೆ ಗ್ರಂಥಗಳು ನೀರುಪಾಲಾದವು, ಅವುಗಳ ಹೆಸರುಗಳನ್ನು ಪಟ್ಟಿ ಮಾಡಿದ್ದೇನೆ, ಬರುವವರಿದ್ದರೆ ದಯವಿಟ್ಟು ಕಳಿಸಿಕೊಡಿ.

ಯುನೆಸ್ಕೊ 2014ರಲ್ಲಿ ರೇಷ್ಮೆ ಮಾರ್ಗದ ಚಾಂಗಾನ್–ತಿಯಾನ್‌ಷಾನ್ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹಂಸಗೋಪುರದ ಜೊತೆಗೆ ಷಿಯಾನ್‌ನ ಇನ್ನೆರಡು ಬೌದ್ಧ ತಾಣಗಳೂ ಸೇರಿದವು, ಹೊರಗಿನ ಹೊದಿಕೆಯಿಲ್ಲದೆ ತಾಂಗ್ ಇಟ್ಟಿಗೆಯನ್ನೇ ನೋಡಬೇಕೆನ್ನುವವರು ಹೋಗಬೇಕಾದದ್ದು ಅಲ್ಲಿಗೆ. ಒಂದು, ಎಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿ, ಭೂಕಂಪದಲ್ಲಿ ತುದಿಯ ಎರಡು ಅಂತಸ್ತುಗಳನ್ನು ಕಳೆದುಕೊಂಡು ಈಗ ಹದಿಮೂರು ಅಂತಸ್ತಿನಲ್ಲಿ ನಿಂತಿರುವ, ಊರೊಳಗಿನ ಚಿಕ್ಕ ಹಂಸಗೋಪುರ. ಇನ್ನೊಂದು, ಊರಿನ ದಕ್ಷಿಣದ ದಿಣ್ಣೆಯ ಮೇಲಿರುವ ಶಿಂಗ್‌ಜಿಯಾವ್ ವಿಹಾರ. 664ರಲ್ಲಿ ತೀರಿಕೊಂಡ ಹ್ಯೂಯೆನ್‌ತ್ಸಾಂಗ್‌ನ ಅವಶೇಷಗಳನ್ನು 669ರಲ್ಲಿ ಇಲ್ಲಿಗೆ ತಂದು, ಮೇಲೆ ಐದು ಅಂತಸ್ತಿನ ಇಟ್ಟಿಗೆಯ ಗೋಪುರ ಕಟ್ಟಿದರು. ಅದರ ಎರಡು ಪಕ್ಕದಲ್ಲಿ ಮೂರು ಅಂತಸ್ತಿನ ಎರಡು ಸಣ್ಣ ಗೋಪುರಗಳಿವೆ: ಒಂದು ಕ್ವೇಜಿಯದು, ಇನ್ನೊಂದು ಕೊರಿಯಾದಿಂದ ಬಂದು ಚಾಂಗಾನ್‌ನಲ್ಲಿ ನೆಲೆಸಿದ ಶಿಷ್ಯ ವೊನ್‌ಚುಕ್‌ನದು.